ರೀಜೆನ್ಸಿ ಗೌನ್ ಒಳಗೆ ಕಾರ್ಸೆಟ್ ಹಾಕಿದರೆ ಗೌನೇ ಕೆಡುತ್ತಿದೆ, ಎಲ್ಲಿ ತಪ್ಪಿದೆ?

ದಾರದುಂಡೆ (ಬ್ರಿಸ್ಟಲ್)

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಬರಹ. ನಾನು ಮೈಸೂರಿನವಳು, ಮೂರು ವರ್ಷದಿಂದ ಬ್ರಿಸ್ಟಲ್‌ನಲ್ಲಿದ್ದೇನೆ. ಪಕ್ಕದ ಬಾತ್ ಊರಿನಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಹೆಸರಿನ ಹಬ್ಬ ನಡೆಯುತ್ತದೆ. ನೂರಾರು ಜನ 1800ರ ಆಸುಪಾಸಿನ, ಅಂದರೆ ರೀಜೆನ್ಸಿ ಅಂತ ಕರೆಯುವ ಕಾಲದ ಉಡುಪು ತೊಟ್ಟು ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಹೋದ ವರ್ಷ ರಸ್ತೆ ಬದಿಯಲ್ಲಿ ನಿಂತು ನೋಡಿದೆ. ಈ ವರ್ಷ ನಾನೂ ನಡೆಯಬೇಕು ಅಂತ ಆಸೆ.

ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಡಾರ್ಟ್, ಪೈಪಿಂಗ್, ಕಾಜಾ ಎಲ್ಲ ಅವರಿಂದ ಕಲಿತೆ. ಅದೇ ಧೈರ್ಯದಲ್ಲಿ "ಐತಿಹಾಸಿಕ ಕಾರ್ಸೆಟ್" ಅಂತ ಬರೆದಿದ್ದ ಒಂದು ಪ್ಯಾಟರ್ನ್ ಕೊಂಡು ಹೊಲಿದೆ. ಕಾರ್ಸೆಟ್ ಅಂದರೆ ಗೌನಿನ ಒಳಗೆ ಮೈಗೆ ಬಿಗಿಯಾಗಿ ಕಟ್ಟಿಕೊಳ್ಳುವ ಉಡುಪು. ಮುಂದೆ ಸ್ಟೀಲ್ ಪಟ್ಟಿ, ಅದಕ್ಕೆ ಕೊಕ್ಕೆಗಳು. ಹಿಂದೆ ಲೋಹದ ರಿಂಗು ಹೊಡೆದ ತೂತುಗಳು. ಒಟ್ಟು 14 ಸ್ಟೀಲ್ ಕಡ್ಡಿ. ನಾಲ್ಕು ವಾರ ಹಿಡಿಯಿತು. ಅದೊಂದನ್ನೇ ಹಾಕಿಕೊಂಡರೆ ಚೆನ್ನಾಗಿಯೇ ಕೂರುತ್ತದೆ.

ಆದರೆ ಅದರ ಮೇಲೆ ಬಿಳಿ ಮಸ್ಲಿನ್ ಗೌನ್ ಹಾಕಿದರೆ ಎಲ್ಲ ಕೆಟ್ಟುಹೋಗುತ್ತದೆ. ಗೌನಿನ ಪಟ್ಟಿ ಎದೆಯ ಕೆಳಗೆ ನಿಲ್ಲದೆ ಜಾರುತ್ತದೆ. ಎದೆ ಅಗಲವಾಗಿ, ಕೆಳಗೆ ಕಾಣುತ್ತದೆ. ಸೊಂಟದ ಹತ್ತಿರ ಬಟ್ಟೆ ಜೋಲುತ್ತದೆ. ಫೋಟೋ ಹಾಕಿದ್ದೇನೆ. ಇನ್ನು ಏಳು ವಾರ ಇದೆ. ಇದನ್ನೇ ಬಿಚ್ಚಿ ಸರಿಮಾಡಬಹುದಾ?

ಕಾಜಾಸಾಲು (ಲೆಸ್ಟರ್)

ದಾರದುಂಡೆ, ಫೋಟೋ ದೊಡ್ಡದು ಮಾಡಿ ನೋಡಿದೆ. ಕಡ್ಡಿ ಕೂರಿಸಿರುವ ಕೊಳವೆಗಳು ನೆಟ್ಟಗೆ ಬಂದಿವೆ, ಅಂಚಿನ ಪೈಪಿಂಗ್ ಸೊಗಸಾಗಿದೆ. ನಿಮ್ಮ ಹೊಲಿಗೆ ತಪ್ಪಿಲ್ಲ, ಕಾಲ ತಪ್ಪಿದೆ. ನೀವು ಹೊಲಿದಿರುವುದು 1880ರ ದಶಕದ ಕಾರ್ಸೆಟ್. ಅದರ ಮೇಲೆ ಹಾಕಿರುವುದು 1810ರ ಗೌನ್. ನಡುವೆ ಎಪ್ಪತ್ತು ವರ್ಷ ಇದೆ.

ದಯವಿಟ್ಟು ಅದನ್ನು ಬಿಚ್ಚಬೇಡಿ. ಎತ್ತಿಡಿ. ಮುಂದೆ ಯಾವತ್ತಾದರೂ ಬಸಲ್ ಇರುವ ಗೌನ್ ಹೊಲಿದರೆ, ಅಂದರೆ ಹಿಂಭಾಗ ಉಬ್ಬಿಸುವ ಗೌನ್, ಅದಕ್ಕೆ ಇದೇ ಸರಿಯಾದ ಒಳ ಉಡುಪು. ನಾನಿರುವ ಲೆಸ್ಟರ್‌ಶೈರ್‌ನ ಮಾರ್ಕೆಟ್ ಹಾರ್ಬರೋದಲ್ಲಿ ಸೈಮಿಂಗ್ಟನ್ ಅನ್ನುವ ಕಂಪನಿಯ ದೊಡ್ಡ ಕಾರ್ಸೆಟ್ ಕಾರ್ಖಾನೆ ಇತ್ತು. ಅವರ ಸಂಗ್ರಹ ಈಗ ಈ ಕೌಂಟಿಯ ಮ್ಯೂಸಿಯಮ್‌ಗಳ ಕೈಯಲ್ಲಿದೆ. ನಿಮ್ಮದರ ಥರದವನ್ನು ಅಲ್ಲಿ ಸಾಲಾಗಿ ನೋಡಬಹುದು.

ಈಗ ನಿಮಗೆ ಬೇಕಿರುವುದಕ್ಕೆ ಬರೋಣ. 1800ರಿಂದ 1815ರವರೆಗಿನ ಗೌನಿನಲ್ಲಿ ಸೊಂಟ ಕಾಣುವುದೇ ಇಲ್ಲ. ಪಟ್ಟಿ ಎದೆಯ ಕೆಳಗೇ ಇರುತ್ತದೆ. ಆದ್ದರಿಂದ ಒಳಗಿನದಕ್ಕೆ ಸೊಂಟ ಹಿಂಡುವ ಕೆಲಸವಿಲ್ಲ. ಎದೆಯನ್ನು ಎತ್ತಿ, ಎರಡು ಕಡೆಗೆ ಬೇರೆಮಾಡಿ ಹಿಡಿದಿಡುವುದೇ ಅದರ ಕೆಲಸ. ಇಂಗ್ಲೆಂಡಿನಲ್ಲಿ ಆಗ ಅದನ್ನು ಸ್ಟೇಸ್ ಅಂತ ಕರೆಯುತ್ತಿದ್ದರು. ಎರಡು ಪದರದ ಹತ್ತಿ ಬಟ್ಟೆ, ಹೆಗಲಪಟ್ಟಿ, ಒಂದೊಂದು ಎದೆಗೂ ಎರಡೆರಡು ಮೂರುಮೂಲೆ ತುಂಡು, ಪೃಷ್ಠದ ಹತ್ತಿರ ಇನ್ನೆರಡು. ಈ ತುಂಡಿಗೆ ಗಸೆಟ್ ಅಂತಾರೆ. ಮುಂದೆ ನಟ್ಟನಡುವೆ ಒಂದು ಮರದ ಪಟ್ಟಿ, ಅದೇ ಬಸ್ಕ್. ಕಡ್ಡಿಗಳು ತುಂಬಾ ಕಡಿಮೆ. ಗಟ್ಟಿತನಕ್ಕೆ ಎರಡು ಪದರದ ನಡುವೆ ದಪ್ಪ ಹತ್ತಿದಾರ ಸೇರಿಸಿ ಸಾಲುಸಾಲಾಗಿ ಹೊಲಿಯುತ್ತಿದ್ದರು.

ಲೋಹದ ರಿಂಗಿಗೆ ಫ್ರಾನ್ಸಿನಲ್ಲಿ ಪೇಟೆಂಟ್ ಸಿಕ್ಕಿದ್ದು 1828ರಲ್ಲಿ. ಮುಂದೆ ಕೊಕ್ಕೆ ಹಾಕಿ ತೆಗೆಯುವ ಸ್ಟೀಲ್ ಬಸ್ಕ್ ಎಲ್ಲರ ಮನೆಗೆ ಬಂದದ್ದು 19ನೇ ಶತಮಾನದ ನಡುಭಾಗದಲ್ಲಿ. ಯಾವ ಪ್ಯಾಟರ್ನ್ ಕೊಂಡರೂ ಮೊದಲು ಇವೆರಡನ್ನು ನೋಡಿ. ಇವು ಇದ್ದರೆ ಜೇನ್ ಆಸ್ಟಿನ್ ಕಾಲದ್ದಲ್ಲ.

ಜೇನ್ ಆಸ್ಟಿನ್ 1813ರ ಸೆಪ್ಟೆಂಬರ್‌ನಲ್ಲಿ ಅಕ್ಕ ಕಸ್ಸಾಂಡ್ರಾಗೆ ಬರೆದ ಪತ್ರದಲ್ಲೇ ಸ್ಟೇಸ್ ಸುದ್ದಿ ಇದೆ. ಈಗಿನವು ಎದೆಯನ್ನು ಬಲವಂತವಾಗಿ ಮೇಲಕ್ಕೆ ನೂಕುವ ಹಾಗೆ ಮಾಡುವುದಿಲ್ಲವಂತೆ, ಅದೇನೂ ಚೆಂದದ ಫ್ಯಾಷನ್ ಆಗಿರಲಿಲ್ಲ ಅಂತ ಬರೆಯುತ್ತಾಳೆ. ಆ ಹದಿನೈದು ವರ್ಷದೊಳಗೇ ಆಕಾರ ಬದಲಾಗುತ್ತಿತ್ತು. ನಿಮ್ಮ ಗೌನ್ ಯಾವ ವರ್ಷದ್ದು ಅಂತ ಮೊದಲು ತೀರ್ಮಾನಿಸಿ.

ಮತ್ತೆ ಒಂದು ಪ್ರಶ್ನೆ. ಒಳಗೆ ಶಿಫ್ಟ್, ಅಂದರೆ ಮೈಗೆ ತಾಗುವ ಸಡಿಲವಾದ ಒಳ ಅಂಗಿ, ಹಾಕಿದ್ದೀರಾ? ಫೋಟೋದಲ್ಲಿ ಟೀ ಶರ್ಟ್ ಕಾಣುತ್ತಿದೆ.

ದಾರದುಂಡೆ (ಬ್ರಿಸ್ಟಲ್)

ಎಪ್ಪತ್ತು ವರ್ಷ! ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಪ್ಯಾಟರ್ನ್ ಮಾರಿದವರು ಕವರ್ ಮೇಲೆ ಯಾವ ವರ್ಷ ಅಂತ ಹಾಕಿರಲೇ ಇಲ್ಲ. ನಾಲ್ಕು ವಾರದ ಕೆಲಸ ಅಲ್ವಾ, ಬೇಜಾರಾಯಿತು. ಆದರೆ ಬಿಚ್ಚುವುದಿಲ್ಲ. ಗೌನ್ 1812ರದ್ದು ಅಂತ ಇಟ್ಟುಕೊಳ್ಳುತ್ತೇನೆ.

ಶಿಫ್ಟ್ ಇಲ್ಲ. ಅದು ಹೊರಗೆ ಕಾಣುವುದಿಲ್ಲವಲ್ಲ, ಆಮೇಲೆ ನೋಡಿಕೊಳ್ಳೋಣ ಅಂದುಕೊಂಡಿದ್ದೆ.

ಕಾಜಾಸಾಲು (ಲೆಸ್ಟರ್)

ಶಿಫ್ಟ್ ಮೊದಲು. ಈ ಮಾತನ್ನು ಇಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ನೂರು ಸಲ ಬರೆಯುತ್ತೇನೆ.

ಸ್ಟೇಸ್ ಒಗೆಯುವ ಬಟ್ಟೆಯಲ್ಲ. ಮರ, ದಾರ, ಕಡ್ಡಿ ಎಲ್ಲ ಇರುತ್ತದೆ. ಮೈಗೆ ತಾಗಿ ಬೆವರು ಹೀರುವುದು ಶಿಫ್ಟ್, ಒಗೆದು ಬದಲಾಯಿಸುವುದೂ ಅದನ್ನೇ. ಜತೆಗೆ ಸ್ಟೇಸ್‌ನ ಅಂಚು ಚರ್ಮಕ್ಕೆ ಉಜ್ಜದ ಹಾಗೆ ಕಾಯುತ್ತದೆ. "ಕಾರ್ಸೆಟ್ ಹಾಕಿದರೆ ಚುಚ್ಚುತ್ತದೆ" ಅನ್ನುವವರಲ್ಲಿ ಬಹಳ ಜನ ಬರಿಮೈ ಮೇಲೆ ಹಾಕಿಕೊಂಡಿರುತ್ತಾರೆ. ಅಳತೆಗೂ ಅದು ಬೇಕು. ಶಿಫ್ಟ್ ಮೇಲೆ ತೆಗೆದ ಅಳತೆಯೇ ನಿಜವಾದ ಅಳತೆ.

ಕಟಿಂಗ್ ಸುಲಭ. ಎಲ್ಲ ಆಯತ, ಚೌಕ, ತ್ರಿಕೋನ. ಮೈಗೆ ಒಂದು ಉದ್ದ ತುಂಡು, ಹೆಗಲ ಮೇಲೆ ಮಡಿಕೆ. ಮೇಲ್ಭಾಗದ ಎರಡು ಪಕ್ಕದಿಂದ ಓರೆಯಾಗಿ ಕತ್ತರಿಸಿದ ತ್ರಿಕೋನವನ್ನು ತಿರುಗಿಸಿ ಕೆಳಗಿನ ಘೇರಿಗೆ ಜೋಡಿಸಬೇಕು. ತೋಳಿಗೆ ಎರಡು ಆಯತ. ಕಂಕುಳಿಗೆ ನಾಲ್ಕೂವರೆ ಇಂಚಿನ ಚೌಕ. ಒಂದು ಚೂರು ಬಟ್ಟೆಯೂ ವ್ಯರ್ಥವಾಗುವುದಿಲ್ಲ.

ಖಣದಕುಪ್ಪಸ (ಹುಬ್ಬಳ್ಳಿ)

ಕಂಕುಳಿನ ಚೌಕ ಅಂದ ಕೂಡಲೇ ನಮ್ಮ ಅಜ್ಜಿ ನೆನಪಾದರು. ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುವಾಗ ಅವರೂ ಕಂಕುಳಿಗೆ ಬೇರೆ ತುಂಡು ಇಡುತ್ತಿದ್ದರು. ಖಣ ಅಂದರೆ ಸಣ್ಣ ತುಂಡು, ಒಂದು ಕುಪ್ಪಸಕ್ಕಾಗುವಷ್ಟೇ. ಕೈ ಮೇಲೆತ್ತಿದರೆ ಹೊಲಿಗೆ ಬಿಡಬಾರದು, ಬಟ್ಟೆಯೂ ಹಾಳಾಗಬಾರದು. ನೇಯುವುದು ಕಷ್ಟ ಇದ್ದ ಕಾಲದಲ್ಲಿ ಅಲ್ಲಿಯ ಹೆಂಗಸರೂ ಇಲ್ಲಿಯ ಹೆಂಗಸರೂ ಒಂದೇ ಲೆಕ್ಕ ಹಾಕಿದ್ದಾರೆ ನೋಡಿ.

ಬಟ್ಟೆಯ ವಿಷಯ ಹೇಳುತ್ತೇನೆ. ಶಿಫ್ಟಿಗೆ ಲಿನನ್ ಒಳ್ಳೆಯದು. ಆದರೆ 1812ಕ್ಕೆ ಹತ್ತಿಯೂ ನಡೆಯುತ್ತದೆ. ಮೈಸೂರು ಕಡೆ ನೀವು ಮಾದರಪಾಟ ಅಂತೀರಲ್ಲ, ನಮ್ಮಲ್ಲಿ ಮಾಂಜರಪಾಟ ಅಂತೇವೆ. ಆ ಹೆಸರು ಬಂದದ್ದು ಆಂಧ್ರದ ನರಸಾಪುರದ ಹತ್ತಿರದ ಮಾದಪೊಲ್ಲಂ ಊರಿನಿಂದ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಕೋಠಿ ಇತ್ತು. ಇಂಗ್ಲಿಷರೂ ಅದೇ ಊರಿನ ಹೆಸರಿನಿಂದ ಆ ಬಟ್ಟೆಯನ್ನು ಕರೆದರು, ಒಳ ಉಡುಪಿಗೆ ಬಳಸಿದರು. ಕ್ಯಾಲಿಕೊ ಅನ್ನುವುದು ಕಲ್ಲಿಕೋಟೆಯ ಹೆಸರು. ನೈನ್‌ಸೂಕ್ ಅಂತ ಅವರು ಒಳ ಅಂಗಿಗೆ ಬಳಸುತ್ತಿದ್ದ ನಯವಾದ ಬಟ್ಟೆ ನಮ್ಮ ನೈನ್‌ಸುಖ್, ಕಣ್ಣಿಗೆ ಸುಖ ಕೊಡುವುದು. ಈ ಹವ್ಯಾಸ ಪರದೇಶದ್ದು ಅಂತ ನನಗೆ ಯಾವತ್ತೂ ಅನಿಸಿಲ್ಲ. ಆ ಗೌನುಗಳ ಒಳಗೆ ನಮ್ಮ ಕಡೆಯ ನೇಕಾರರ ಬಟ್ಟೆ ಇತ್ತು.

ಕೋರಾ ಬಟ್ಟೆ ತಂದರೆ ಕತ್ತರಿಸುವ ಮುಂಚೆ ಎರಡು ಸಲ ಬಿಸಿನೀರಲ್ಲಿ ಒಗೆಯಿರಿ. ಗಂಜಿ ಹೋಗಬೇಕು, ಕುಗ್ಗುವುದು ಅಲ್ಲೇ ಕುಗ್ಗಿಬಿಡಬೇಕು.

ಮಲ್ಲಿಗೆಮೊಗ್ಗು (ಶಿವಮೊಗ್ಗ)

ಸುಮ್ನೆ ಓದುತ್ತಿದ್ದೆ, ತಡೆಯಲಾಗದೆ ಕೇಳುತ್ತಿದ್ದೇನೆ. ಇಷ್ಟೆಲ್ಲ ಬಿಗಿದರೆ ಉಸಿರು ಕಟ್ಟುವುದಿಲ್ವಾ? ಆಗಿನ ಹೆಂಗಸರು ಪಕ್ಕೆಲುಬು ತೆಗೆಸಿಕೊಳ್ಳುತ್ತಿದ್ದರು ಅಂತ ಎಲ್ಲೋ ಓದಿದ್ದೆ.

ಕಾಜಾಸಾಲು (ಲೆಸ್ಟರ್)

ಪಕ್ಕೆಲುಬಿನ ಕಥೆ ನಿಜವಲ್ಲ. ಈಥರ್ ಕೊಟ್ಟು ಮೈಮರೆಸಿ ಶಸ್ತ್ರಕ್ರಿಯೆ ಮಾಡುವುದು ಶುರುವಾದದ್ದೇ 1846ರಲ್ಲಿ. ಗಾಯಕ್ಕೆ ಕೀವು ತುಂಬದ ಹಾಗೆ ನೋಡಿಕೊಳ್ಳುವುದು ಇನ್ನೂ ಆಮೇಲೆ ಬಂತು. ಸೊಂಟಕ್ಕಾಗಿ ಯಾರೂ ಆ ಸಾವಿನ ದವಡೆಗೆ ಹೋಗುತ್ತಿರಲಿಲ್ಲ.

ಅತಿ ಬಿಗಿಯುವವರು ಕೆಲವರು ಇದ್ದರು. ಆದರೆ ನೀರು ಹೊತ್ತವರು, ಅಡುಗೆ ಮಾಡಿದವರು, ಮಗುವಿಗೆ ಹಾಲು ಕೊಟ್ಟವರು ಎಲ್ಲರೂ ದಿನವೂ ಇದನ್ನು ತೊಟ್ಟೇ ಕೆಲಸ ಮಾಡಿದರು. ಅಳತೆಗೆ ಸರಿಯಾಗಿದ್ದರೆ ಬೆನ್ನಿಗೆ ಆಸರೆ. ರೀಜೆನ್ಸಿ ಸ್ಟೇಸ್‌ನಲ್ಲಂತೂ ಸೊಂಟ ಹಿಂಡುವ ಪ್ರಶ್ನೆಯೇ ಇಲ್ಲ. ನಾನು ಇದನ್ನು ಹಾಕಿ ಇಡೀ ದಿನ ನಡೆದಿದ್ದೇನೆ. ಬಗ್ಗಿ ಶೂ ಲೇಸು ಕಟ್ಟುವುದು ಮಾತ್ರ ಆಗುವುದಿಲ್ಲ, ಮುಂದೆ ಮರ ಇರುತ್ತದೆ. ಸ್ಟೇಸ್‌ಗೆ ಮುಂಚೆಯೇ ಕಾಲುಚೀಲ, ಶೂ ಹಾಕಿಕೊಳ್ಳಬೇಕು.

ದಾರದುಂಡೆ (ಬ್ರಿಸ್ಟಲ್)

ಶಿಫ್ಟ್ ಮುಗಿಯಿತು! ಹತ್ತು ದಿನ ಹಿಡಿಯಿತು. ಒಳಗಿನ ಅಂಚೆಲ್ಲ ಕೈಯಲ್ಲೇ ಮಡಚಿ ಹೊಲಿದಿದ್ದೇನೆ. ಕಂಕುಳಿನ ಚೌಕದ ಬಗ್ಗೆ ಫೋನ್‌ನಲ್ಲಿ ಅಮ್ಮನಿಗೆ ಹೇಳಿದೆ. "ಅದೇನು ಹೊಸದು, ನಿಮ್ಮ ತಾತನ ಜುಬ್ಬದಲ್ಲಿ ಇರಲಿಲ್ವಾ" ಅಂದರು.

ಈಗ ಸ್ಟೇಸ್. ಹೊಸ ಪ್ಯಾಟರ್ನ್ ಬಂದಿದೆ, ಈ ಸಲ ವರ್ಷ ನೋಡಿಯೇ ಕೊಂಡೆ. ಅಳತೆ ಹೇಗೆ ತೆಗೆಯಲಿ? ಬ್ಲೌಸಿಗೆ ಎದೆ ಸುತ್ತಳತೆಗೆ ಸ್ವಲ್ಪ ಸಡಿಲ ಬಿಡುತ್ತೇವೆ. ಇದಕ್ಕೆ?

ಕಾಜಾಸಾಲು (ಲೆಸ್ಟರ್)

ಇದಕ್ಕೆ ಉಲ್ಟಾ. ಸಡಿಲ ಬಿಡುವುದಿಲ್ಲ, ಕಡಿಮೆ ಮಾಡುತ್ತೇವೆ. ಹಿಂದೆ ಲಾಡಿ ಕಟ್ಟಿದಾಗ ಎರಡು ಅಂಚಿನ ನಡುವೆ ಎರಡು ಇಂಚು ಜಾಗ ಉಳಿಯಬೇಕು. ಮೈಯ ಸುತ್ತಳತೆಯಲ್ಲಿ ಎರಡು ಇಂಚು ಕಳೆದು ಕಟ್ ಮಾಡಿ. ಹಾಕಿ ಹಾಕಿ ಬಟ್ಟೆ ಹಿಗ್ಗಿದ ಮೇಲೆ ಆ ಜಾಗ ತಾನಾಗಿ ಕಿರಿದಾಗುತ್ತದೆ. ಮೊದಲೇ ಅಂಚು ಕೂಡಿಬಿಟ್ಟರೆ ಬಿಗಿಯುವುದಕ್ಕೆ ಏನೂ ಉಳಿಯುವುದಿಲ್ಲ. ಆ ಜಾಗ ಮೇಲಿಂದ ಕೆಳಗೆ ಒಂದೇ ಸಮ ಇರಬೇಕು. ಕೆಳಗೆ ಅಗಲವಾಗಿ ಬಿರಿದರೆ ಪೃಷ್ಠದ ಗಸೆಟ್ ಸಾಲದು ಅಂತ ಅರ್ಥ.

ಮುಂದಿನ ಉದ್ದವನ್ನು ಕುರ್ಚಿಯ ಮೇಲೆ ಕೂತು ಅಳೆಯಿರಿ. ಎದೆಯ ನಡುವಿನಿಂದ ತೊಡೆ ಮಡಚುವ ಮಟ್ಟಕ್ಕಿಂತ ಒಂದು ಇಂಚು ಮೇಲಿನವರೆಗೆ. ನಿಂತು ಅಳೆದರೆ ಬಸ್ಕ್ ಉದ್ದವಾಗಿಬಿಡುತ್ತದೆ, ಕೂತಾಗ ಮೇಲಕ್ಕೆ ನೂಕಿ ಗಂಟಲ ಹತ್ತಿರ ಬರುತ್ತದೆ.

ಆಮೇಲೆ ಹಳೆ ಬೆಡ್‌ಶೀಟಿನಲ್ಲಿ ಒಂದು ಟ್ರಯಲ್ ಹೊಲಿಯಿರಿ. ಇದನ್ನು ಬಿಟ್ಟು ನೇರ ಒಳ್ಳೆ ಬಟ್ಟೆಗೆ ಕತ್ತರಿ ಹಾಕಬೇಡಿ. ಎದೆಯ ಗಸೆಟ್ ಪ್ಯಾಟರ್ನಿನಲ್ಲಿ ಇರುವ ಹಾಗೇ ಯಾರಿಗೂ ಕೂರುವುದಿಲ್ಲ. ಟ್ರಯಲ್ ಹಾಕಿಕೊಂಡು, ಗಸೆಟ್ ಬರುವ ಗೆರೆಯನ್ನು ಸೀಳಿ, ಸ್ವಲ್ಪ ಮುಂದೆ ಬಾಗಿ ಎದೆಯನ್ನು ಎತ್ತಿ ಕೂರಿಸಿಕೊಳ್ಳಿ. ಸೀಳು ಎಷ್ಟು ಬಿರಿಯುತ್ತದೋ ಅಷ್ಟಕ್ಕೆ ಹಿಂದಿನಿಂದ ಬಟ್ಟೆ ಇಟ್ಟು ಪಿನ್ ಮಾಡಬೇಕು. ಇದಕ್ಕೆ ಇನ್ನೊಬ್ಬರು ಬೇಕೇ ಬೇಕು. ನನ್ನ ಬಲಗಡೆ ಮೂರು ಇಂಚು ಬಂತು, ಎಡಗಡೆ ಮೂರೂಕಾಲು. ಎರಡು ಕಡೆ ಬೇರೆ ಬಂದರೆ ಬೇರೆಯಾಗಿಯೇ ಕತ್ತರಿಸಿ.

ಗಸೆಟ್ ತುದಿಯಲ್ಲಿ ಸುಕ್ಕು ಬರುವುದು ಎಲ್ಲರ ತೊಂದರೆ. ನಾವು ಸಾಮಾನ್ಯವಾಗಿ ಎರಡು ತುಂಡಿನ ಒಳ್ಳೆ ಮೈ ಸೇರಿಸಿ ಮೆಷಿನ್‌ನಲ್ಲಿ ಹೊಲಿಯುತ್ತೇವೆ. ಇಲ್ಲಿ ಹಾಗೆ ಮಾಡಬೇಡಿ. ಸೀಳಿನ ಎರಡು ಅಂಚನ್ನೂ ಒಳಗೆ ಮಡಚಿ ಇಸ್ತ್ರಿ ಮಾಡಿ. ಗಸೆಟನ್ನು ಕೆಳಗೆ ಇಟ್ಟು, ಮೇಲಿನಿಂದ ಕೈಯಲ್ಲಿ ಸಣ್ಣ ಸಣ್ಣ ಟಾಕು ಹಾಕಿ. ತುದಿಯಲ್ಲಿ ಮಡಚಲು ಬಟ್ಟೆಯೇ ಉಳಿದಿರುವುದಿಲ್ಲ. ಅಲ್ಲಿ ಕಾಜಾ ಹೊಲಿಗೆಯನ್ನು ಒತ್ತೊತ್ತಾಗಿ ಏಳೆಂಟು ಸಲ ಹಾಕಿ ಮುಚ್ಚಬೇಕು. ಹಳೆಯ ಸ್ಟೇಸ್‌ಗಳಲ್ಲೂ ಹೀಗೇ ಇದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ದೊಡ್ಡದು ಮಾಡಿ ನೋಡಿ, ಟಾಕು ಎಣಿಸಬಹುದು.

ಪರದೆಹಿಂದೆ (ಬೆಂಗಳೂರು)

ನಾನು ನಾಟಕದ ತಂಡಗಳಿಗೆ ಉಡುಪು ಮಾಡುತ್ತೇನೆ. ಕಾಜಾಸಾಲು ಮೇಡಂ ಹೇಳಿದ್ದೆಲ್ಲ ಸರಿ, ಲೋಹದ ರಿಂಗು ಆ ಕಾಲದ್ದಲ್ಲ ಅಂತ ಅದನ್ನು ಬಿಡುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಏಳು ವಾರದಲ್ಲಿ ಈಗ ಐದೂವರೆ ಉಳಿದಿದೆ. ಲಾಡಿಯ ತೂತುಗಳನ್ನು ಕೈಯಲ್ಲಿ ಹೊಲಿಯುತ್ತಾ ಕೂತರೆ ಕೆಲಸ ಮುಗಿಯುವುದಿಲ್ಲ. ಲೋಹದ ರಿಂಗು ಹೊಡೆದುಬಿಡಿ. ಗೌನಿನ ಕೆಳಗೆ ಯಾರು ನೋಡುತ್ತಾರೆ? ರಂಗದ ಮೇಲೆ ನಾವು ಹೀಗೇ ಮಾಡುವುದು. ಎರಡು ದೃಶ್ಯದ ನಡುವೆ ಮೂರು ನಿಮಿಷದಲ್ಲಿ ಬಟ್ಟೆ ಬದಲಾಯಿಸಬೇಕು, ಅಲ್ಲಿ ಗಟ್ಟಿತನ ಮುಖ್ಯ.

ಕಡ್ಡಿಗೂ ದುಬಾರಿ ಸಾಮಾನು ಬೇಡ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ದಪ್ಪ ಕೇಬಲ್ ಟೈ ಸಾಕು, 9 ಮಿಲಿಮೀಟರ್ ಅಗಲದ್ದು. ಉದ್ದಕ್ಕೆ ಕತ್ತರಿಸಿ, ತುದಿಯನ್ನು ಉಗುರು ಉಜ್ಜುವ ಪಟ್ಟಿಯಿಂದ ಗುಂಡಗೆ ಮಾಡಿ. ನಾನು ಎಸ್‌ಪಿ ರೋಡಿನಿಂದ ಕಟ್ಟುಗಟ್ಟಲೆ ತರುತ್ತೇನೆ.

ಕಾಜಾಸಾಲು (ಲೆಸ್ಟರ್)

ಕೇಬಲ್ ಟೈಗೆ ಪೂರ್ತಿ ಒಪ್ಪಿಗೆ. ಆಗ ಬಳಸುತ್ತಿದ್ದದ್ದು ತಿಮಿಂಗಿಲದ ಬಲೀನ್. "ತಿಮಿಂಗಿಲದ ಮೂಳೆ" ಅಂತ ಕರೆದರೂ ಅದು ಮೂಳೆಯಲ್ಲ. ಅದರ ಬಾಯಲ್ಲಿ ಜರಡಿಯ ಹಾಗೆ ಇರುವ ಪಟ್ಟಿ, ನಮ್ಮ ಉಗುರಿನ ಜಾತಿಯದ್ದು. ಮೈಯ ಬಿಸಿಗೆ ಮೆತ್ತಗಾಗಿ ಆಕಾರಕ್ಕೆ ಬಾಗುತ್ತಿತ್ತು. ಪ್ಲಾಸ್ಟಿಕ್ ಟೈ ಕೂಡ ಸ್ವಲ್ಪ ಹಾಗೇ ಬಾಗುತ್ತದೆ, ಸ್ಟೀಲ್ ಹಾಗೆ ಆಕಾರಕ್ಕೆ ಕೂರುವುದಿಲ್ಲ.

ರಿಂಗಿಗೆ ಮಾತ್ರ ಇಲ್ಲ. ಕಾಣುತ್ತದೋ ಇಲ್ಲವೋ ಅನ್ನುವುದು ನನ್ನ ಲೆಕ್ಕವಲ್ಲ. ರಿಂಗಿಗೆ ತೂತು ಹೊಡೆಯುವಾಗ ಬಟ್ಟೆಯ ದಾರ ತುಂಡಾಗುತ್ತದೆ. ನಾಲ್ಕಾರು ಸಲ ಬಿಗಿದರೆ ರಿಂಗು ಕಿತ್ತು ಬರುತ್ತದೆ, ಅದರಲ್ಲೂ ಬಟ್ಟೆ ಎರಡೇ ಪದರ ಇದ್ದಾಗ. ಕೈಯಲ್ಲಿ ಮಾಡುವಾಗ ದಬ್ಬಳದಿಂದ ದಾರಗಳನ್ನು ಪಕ್ಕಕ್ಕೆ ಸರಿಸುತ್ತೇವೆ, ಕತ್ತರಿಸುವುದಿಲ್ಲ. ಸುತ್ತ ಟಾಕು ಹಾಕಿದರೆ ಎಲ್ಲ ದಾರವೂ ಅಲ್ಲೇ ಇದ್ದು ಭಾರ ಹೊರುತ್ತದೆ. ಒಂದಕ್ಕೆ ಹತ್ತು ನಿಮಿಷ, 26ಕ್ಕೆ ಹತ್ತಿರಹತ್ತಿರ ನಾಲ್ಕೂವರೆ ಗಂಟೆ. ಎರಡು ಸಂಜೆಯ ಕೆಲಸ.

ದಾರದುಂಡೆ, ತೂತುಗಳನ್ನು ಎದುರುಬದುರು ಗುರುತು ಮಾಡಬೇಡಿ. ಮೇಲಿನ ಮೊದಲ ಜೋಡಿ ಮಾತ್ರ ಎದುರುಬದುರು. ಆಮೇಲೆ ಒಂದು ಕಡೆಯದು ಅರ್ಧ ಇಂಚು ಕೆಳಗೆ ಸರಿಯಬೇಕು. ಆಗ ಒಂದೇ ಲಾಡಿ ಸುರುಳಿಯಂತೆ ಹೋಗುತ್ತದೆ. ತೂತು ನೇರಾನೇರ ಇದ್ದರೆ ಸುರುಳಿ ಕಟ್ಟಿದಾಗ ಒಂದು ಅಂಚು ಮೇಲಕ್ಕೆ ಎಳೆದುಕೊಳ್ಳುತ್ತದೆ.

ಪರದೆಹಿಂದೆ (ಬೆಂಗಳೂರು)

ಎರಡು ಪದರದ ಮಾತು ಒಪ್ಪಿದೆ. ನಾವು ಒಳಗೆ ದಪ್ಪ ಕ್ಯಾನ್ವಾಸ್ ಪಟ್ಟಿ ಇಡುತ್ತೇವೆ, ಅದಕ್ಕೇ ತಡೆಯುತ್ತದೆ. ಮುಂದಿನ ನಾಟಕಕ್ಕೆ ಒಂದನ್ನು ಕೈಯಲ್ಲಿ ಮಾಡಿ ನೋಡುತ್ತೇನೆ.

ದಾರದುಂಡೆ (ಬ್ರಿಸ್ಟಲ್)

ತೊಂದರೆಯಾಗಿದೆ. ಟ್ರಯಲ್ ಮೂರನೇ ಸಲಕ್ಕೆ ಸರಿ ಬಂತು. ಅದೇ ಅಳತೆಗೆ ಒಳ್ಳೆ ಬಟ್ಟೆ ಕತ್ತರಿಸಿದೆ. ಹೊಟ್ಟೆಯ ಭಾಗಕ್ಕೆ ದಾರ ಸೇರಿಸಿ 22 ಸಾಲು ಹೊಲಿದೆ. ನೋಡಲು ತುಂಬಾ ಚೆನ್ನಾಗಿ ಬಂತು. ಆದರೆ ಈಗ ಮುಂಭಾಗ ಒಂದೂವರೆ ಇಂಚು ಕಿರಿದಾಗಿದೆ! ಹಿಂದಿನ ಜಾಗ ಮೂರೂವರೆ ಇಂಚು ಬರುತ್ತಿದೆ. ಬಟ್ಟೆ ಮುಗಿದಿದೆ. ರಾತ್ರಿ ಅತ್ತುಬಿಟ್ಟೆ.

ಖಣದಕುಪ್ಪಸ (ಹುಬ್ಬಳ್ಳಿ)

ಅಳಬೇಡಿ ತಂಗಿ. ದಾರ ಒಳಗೆ ಹೋದಾಗ ಬಟ್ಟೆ ಅದರ ಮೇಲೆ ಏರಿ ಇಳಿಯುತ್ತದೆ, ಅಷ್ಟು ಅಗಲ ಕಡಿಮೆಯಾಗುತ್ತದೆ. ಮುಂದಿನ ಸಲ ಮೊದಲು ದೊಡ್ಡ ತುಂಡಿಗೆ ದಾರ ಹೊಲಿದುಕೊಂಡು, ಆಮೇಲೆ ಅದರ ಮೇಲೆ ಪ್ಯಾಟರ್ನ್ ಇಟ್ಟು ಕತ್ತರಿಸಿ. ಈಗ ಎರಡು ಪಕ್ಕೆಯ ಹೊಲಿಗೆ ಬಿಚ್ಚಿ, ಮುಕ್ಕಾಲು ಮುಕ್ಕಾಲು ಇಂಚಿನ ಪಟ್ಟಿ ಕೂರಿಸಿ. ಬ್ಲೌಸ್ ಬಿಗಿಯಾದರೆ ಕಂಕುಳ ಕೆಳಗೆ ಪಟ್ಟಿ ಇಡುವುದಿಲ್ವಾ, ಹಾಗೆ.

ಕಾಜಾಸಾಲು (ಲೆಸ್ಟರ್)

ಅಕ್ಕ ಹೇಳಿದ್ದೇ ದಾರಿ. ಮಾರ್ಜಿನ್‌ಗೆ ಎರಡು ಕಡೆ ಅರ್ಧರ್ಧ ಇಂಚು ಸೇರಿಸಿ ಕತ್ತರಿಸಿ. ಶಿಫ್ಟಿನಿಂದ ಉಳಿದ ಚೂರು ಸಾಕಾಗುತ್ತದೆ, ಎರಡು ಪದರ ಮಾಡಿ. ಮ್ಯೂಸಿಯಮ್ಮಿನ ಹಳೆಯ ಬಟ್ಟೆಗಳಲ್ಲಿ ಹೀಗೆ ತುಂಡು ಸೇರಿಸಿದ್ದು ಎಷ್ಟೋ ಕಡೆ ಕಾಣುತ್ತದೆ. ಆಗ ಬಟ್ಟೆ ದುಬಾರಿ, ಹೊಲಿಯುವ ಕೈ ಅಗ್ಗ. ನಿಮ್ಮ ಸ್ಟೇಸ್‌ನಲ್ಲಿ ಆ ಪಟ್ಟಿ ಇದ್ದರೆ ಅದು ಆ ಕಾಲದ ಹೊಲಿಗೆಗೆ ಇನ್ನೂ ಹತ್ತಿರವಾಗುತ್ತದೆ.

ಬಸ್ಕ್ ಸಿಕ್ಕಿತಾ?

ದಾರದುಂಡೆ (ಬ್ರಿಸ್ಟಲ್)

ಇಲ್ಲ. ಕೊಳ್ಳಲು ಹೋದರೆ ಬೆಲೆ ಜಾಸ್ತಿ.

ಪರದೆಹಿಂದೆ (ಬೆಂಗಳೂರು)

ಶಾಲೆಯ ಮರದ ಸ್ಕೇಲು, 12 ಇಂಚಿನದು. ಗುರುತೆಲ್ಲ ಹೋಗುವವರೆಗೆ ಮರಳು ಕಾಗದದಲ್ಲಿ ಉಜ್ಜಿ. ನಾಲ್ಕೂ ಮೂಲೆ ಗುಂಡಗೆ ಮಾಡಿ. ಮೇಲಿನ ತುದಿಯನ್ನು ಸ್ವಲ್ಪ ತೆಳ್ಳಗೆ. ಕೊನೆಗೆ ಎಣ್ಣೆ ಸವರಿ ಒಂದು ದಿನ ಬಿಡಿ, ಇಲ್ಲದಿದ್ದರೆ ಕಲೆ ಬಟ್ಟೆಗೆ ಹತ್ತುತ್ತದೆ.

ಕಾಜಾಸಾಲು (ಲೆಸ್ಟರ್)

ಹೌದು, ಸ್ಕೇಲು ಸಾಕು. ಒಳಗೆ ಕೂರಿಸುವ ಜೇಬನ್ನು ಬಿಗಿಯಾಗಿಯೇ ಹೊಲಿಯಿರಿ. ಮೇಲೆ ಎರಡು ಸಣ್ಣ ತೂತು ಇಟ್ಟು ಲಾಡಿ ಕಟ್ಟಿದರೆ ಮರ ಜಾರುವುದಿಲ್ಲ, ಬೇಕಾದಾಗ ತೆಗೆಯಲೂಬಹುದು. ನಾವಿಕರು ದೂರದ ಹಡಗಿನಲ್ಲಿ ಕೂತು ಮನೆಯಲ್ಲಿರುವ ಹುಡುಗಿಗಾಗಿ ಬಸ್ಕ್ ಮೇಲೆ ಹೂವು, ಹೃದಯ ಕೆತ್ತುತ್ತಿದ್ದರು. ಅಂಥವು ಇನ್ನೂ ಮ್ಯೂಸಿಯಮ್‌ಗಳಲ್ಲಿವೆ. ಹೊರಗೆ ಯಾರಿಗೂ ಕಾಣದ ಜಾಗದಲ್ಲಿ ಇಡುವ ವಸ್ತುವಿಗೆ ಅಷ್ಟು ಕೆತ್ತನೆ. ನೋಡಿದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ದಾರದುಂಡೆ (ಬ್ರಿಸ್ಟಲ್)

ಮುಗಿಯಿತು. ಹೊಸ ಫೋಟೋ ಹಾಕಿದ್ದೇನೆ. ಮೊದಲಿನದರ ಪಕ್ಕದಲ್ಲಿ ಇಟ್ಟು ನೋಡಿ.

ಗೌನಿನ ಪಟ್ಟಿ ಈಗ ಎದೆಯ ಕೆಳಗೆ ಅಂಟಿಕೊಂಡ ಹಾಗೆ ನಿಲ್ಲುತ್ತದೆ. ಗೌನಿಗೆ ನಾನು ಏನೂ ಮಾಡಿಲ್ಲ, ಒಂದು ಟಾಕೂ ಹಾಕಿಲ್ಲ. ಹಿಂದಿನ ಜಾಗ ಎರಡು ಇಂಚು, ಮೇಲಿಂದ ಕೆಳಗೆ ಒಂದೇ ಸಮ. ಪಕ್ಕೆಯ ಪಟ್ಟಿ ಗೊತ್ತೇ ಆಗುವುದಿಲ್ಲ. ತೂತುಗಳು ಎಲ್ಲ ಕೈಯಲ್ಲೇ ಮಾಡಿದ್ದು. ಮೊದಲ ಐದು ಅಂಕುಡೊಂಕು, ಕೊನೆಯವು ಗುಂಡಗಿವೆ. ಮೂರು ಗಂಟೆ ಹಾಕಿಕೊಂಡು ಅಡುಗೆ ಮಾಡಿದೆ, ಚಪಾತಿ ಲಟ್ಟಿಸಿದೆ. ಬೆನ್ನು ನೋಯಲಿಲ್ಲ.

ಆಗ ಒಗೆಯಲು ಹಾಕಿದ ಬಟ್ಟೆ ಅದಲುಬದಲಾಗದಿರಲಿ ಅಂತ ಶಿಫ್ಟಿನ ಮೇಲೆ ಹೆಸರಿನ ಅಕ್ಷರ, ಸಂಖ್ಯೆ ಹೊಲಿಯುತ್ತಿದ್ದರಂತೆ. ನಾನೂ ಕೆಂಪು ದಾರದಲ್ಲಿ ಅಡ್ಡಹೊಲಿಗೆ ಹಾಕಿ 1 ಅಂತ ಹೊಲಿದೆ. ಅಕ್ಷರ ಮಾತ್ರ ನನ್ನದಲ್ಲ, ಅಮ್ಮನದು. ಕನ್ನಡದಲ್ಲೇ ಹಾಕಿದೆ.

ನಾಳೆ ಒಳಲಂಗ ಕತ್ತರಿಸುತ್ತೇನೆ. ಸೊಂಟ ಅಷ್ಟು ಮೇಲಿದ್ದರೆ ಲಂಗ ಜಾರುವುದಿಲ್ವಾ?

ಕಾಜಾಸಾಲು (ಲೆಸ್ಟರ್)

ಜಾರುತ್ತದೆ. ಅದಕ್ಕೇ ಹೆಗಲ ಪಟ್ಟಿ ಇಡುತ್ತಿದ್ದರು. ಸ್ಟೇಸ್ ಹಾಕಿಕೊಂಡೇ ಅದರ ಉದ್ದ ಅಳೆಯಿರಿ, ಗೌನಿನ ಕತ್ತಿನಿಂದ ಹೊರಗೆ ಕಾಣದ ಹಾಗೆ ಹೆಗಲ ತುದಿಗೆ ಸರಿಸಿ ಹೊಲಿಯಿರಿ. ಮತ್ತೆ ಆ ಕೆಂಪು ಅಕ್ಷರದ ಫೋಟೋ ಹತ್ತಿರದಿಂದ ತೆಗೆದು ಹಾಕಿ, ನೋಡಬೇಕು.